ಕಾಕಾನ ಅಂಗಡಿಯ ಭಾಗಾಕಾರ

ಹೋದ ವಾರ ಹುಬ್ಬಳ್ಳಿಯಿಂದ ಗೆಳೆಯನೊಬ್ಬ ಫೋನ್ ಮಾಡಿದ್ದ. ಅವನು ಪ್ರಿಂಟಿಂಗ್ ಅಂಗಡಿ ಇಟ್ಟು ಐದು ವರ್ಷವಾಯಿತು. ಫ್ಲೆಕ್ಸ್, ಮದುವೆ ಕಾರ್ಡು, ಶಾಲೆ ಮಕ್ಕಳ ಐಡಿ ಕಾರ್ಡು, ಹೀಗೆ. ಈಗ ಸಾಲ ಮಾಡಿ ಹನ್ನೊಂದು ಲಕ್ಷದ ಹೊಸ ಮಷಿನ್ ತಂದಿದ್ದಾನೆ. ಅರ್ಧ ಗಂಟೆ ಅದರ ಬಗ್ಗೆಯೇ ಖುಷಿಯಿಂದ ಮಾತಾಡಿದ. ಕೊನೆಗೆ ನಾನು, ‘ಇನ್ಶೂರೆನ್ಸ್ ಮಾಡಿಸೀಯೇನು?’ ಅಂತ ಕೇಳಿದೆ. ಅವನು ಯೋಚನೆ ಕೂಡ ಮಾಡದೆ ಹೇಳಿದ: ‘ಬ್ಯಾಂಕಿನವ್ರ ಮಾಡ್ಯಾರಲ್ಲೋ.’

ಆ ಮಾತು ಕೇಳಿ ನನ್ನ ಹೊಟ್ಟೆಯಲ್ಲಿ ಏನೋ ಕಲಸಿದಂತಾಯಿತು. ಇದೇ ಮಾತನ್ನು, ಹೆಚ್ಚೂ ಕಡಿಮೆ ಇದೇ ಧೈರ್ಯದಲ್ಲಿ, 2019ರ ಆಗಸ್ಟಿನಲ್ಲಿ ನನ್ನ ಕಾಕಾ ಹೇಳಿದ್ದ. ಆಗ ಅವನು ಗೋಕಾಕಿನ ತನ್ನ ಬಟ್ಟೆ ಅಂಗಡಿಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದ. ‘ಚಿಂತಿ ಮಾಡಬ್ಯಾಡ ತಮ್ಮಾ, ಬ್ಯಾಂಕಿನವ್ರ ವಿಮಾ ಮಾಡ್ಯಾರ.’

ಅವತ್ತಿನಿಂದ ಇವತ್ತಿನವರೆಗೆ ಈ ವಿಷಯ ನನ್ನನ್ನು ಬಿಟ್ಟಿಲ್ಲ. ಯಾರೋ ಮೋಸ ಮಾಡಿದ್ದರೆ ಬೈದು ಸುಮ್ಮನಾಗಬಹುದಿತ್ತು. ಆದರೆ ನಮಗೆ ಯಾರೂ ಮೋಸ ಮಾಡಿರಲಿಲ್ಲ. ಎಲ್ಲವೂ ಕಾಗದದಲ್ಲಿ ಬರೆದಿತ್ತು. ಆ ಕಾಗದ ಆರು ವರ್ಷ ನಮ್ಮ ಮನೆಯ ಟ್ರಂಕಿನಲ್ಲೇ ಇತ್ತು.

ಪಂಚಮಿ ಮುಗಿದ ಬೆನ್ನಿಗೆ

ಆ ವರ್ಷ ನಾಗರ ಪಂಚಮಿ ಆಗಸ್ಟ್ 5ಕ್ಕೆ ಬಂದಿತ್ತು. ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಮದುವೆಯಾದವರು ತವರಿಗೆ ಬರುತ್ತಾರೆ. ಉಂಡಿ ಕಟ್ಟುತ್ತಾರೆ, ಜೋಕಾಲಿ ಆಡುತ್ತಾರೆ, ಹೊಸ ಸೀರೆ ಉಡುತ್ತಾರೆ. ಬಟ್ಟೆ ಅಂಗಡಿಯವರಿಗೆ ಅದೇ ಸುಗ್ಗಿ. ಕಾಕಾ ಸೂರತ್‌ನಿಂದ ಉದ್ದರಿ ಮೇಲೆ ಸೀರೆ ತರಿಸಿದ್ದ. ಇಳಕಲ್ ಸೀರೆ, ಗುಳೇದಗುಡ್ಡದ ಖಣ ಬೇರೆ. ಆದರೆ ಅದಕ್ಕೂ ವಾರದ ಮೊದಲೇ ಮಳೆ ಹಿಡಿದುಕೊಂಡಿತ್ತು. ಊರೂರಿನ ದಾರಿ ಬಂದ್ ಆದವು. ಹೆಣ್ಣುಮಕ್ಕಳು ಬರಲಿಲ್ಲ. ಸೀರೆ ಮಾರಲಿಲ್ಲ. ಹಬ್ಬಕ್ಕೆ ತಂದ ಸರಕೆಲ್ಲ ಅಂಗಡಿಯಲ್ಲೇ ಉಳಿಯಿತು.

ಪಂಚಮಿ ಮುಗಿದ ಬೆನ್ನಿಗೆ ಘಟಪ್ರಭೆ ಊರೊಳಗೆ ಬಂದಳು. ಹಿಡಕಲ್ ಡ್ಯಾಮಿನಿಂದ ನೀರು ಬಿಟ್ಟಿದ್ದರು, ಮಾರ್ಕಂಡೇಯ ನದಿಯೂ ತುಂಬಿತ್ತು. ಲೋಳಸೂರ ಸೇತುವೆ ಮುಳುಗಿದ ಸುದ್ದಿ ಬಂದಾಗ ಕಾಕಾ, ಕಾಕು ಸೇರಿ ಕೈಗೆ ಸಿಕ್ಕಷ್ಟು ಬಟ್ಟೆಯನ್ನು ಮೇಲಿನ ಕಪಾಟಿಗೆ ಎತ್ತಿಟ್ಟು ಶಟರ್ ಎಳೆದು ಬಂದರು. ನಾಲ್ಕು ದಿನ ಬಿಟ್ಟು ಶಟರ್ ಎತ್ತಿದಾಗ ನಾನೂ ಇದ್ದೆ. ಎತ್ತಲು ಮೂರು ಜನ ಬೇಕಾಯಿತು, ಒಳಗಿಂದ ಕೆಸರು ಒತ್ತಿ ಹಿಡಿದಿತ್ತು. ವಾಸನೆ ಮೊದಲು ಬಂತು. ಆಮೇಲೆ ಬಣ್ಣ. ಕೆಂಪು ಖಣದ ಬಣ್ಣ ಇಳಿದು ಬಿಳಿ ಪಂಚೆಗಳ ಕಟ್ಟಿಗೆ ಹತ್ತಿತ್ತು. ಸೀರೆಯ ಪೆಟ್ಟಿಗೆಗಳು ನೆನೆದು ಕೈಯಲ್ಲೇ ಕರಗುತ್ತಿದ್ದವು. ಕಾಕು ಕೌಂಟರಿನ ಹಿಂದೆ ಹೋಗಿ ತನ್ನ ಹೊಲಿಗೆ ಮಷಿನ್ ಹುಡುಕಿದಳು. ಸೀರೆಗೆ ಫಾಲ್ ಹಚ್ಚಿಕೊಡುತ್ತಿದ್ದ ಮಷಿನ್ ಅದು. ಅದರ ಗಾಲಿ ತಿರುಗಿಸಿ ನೋಡಿದಳು. ತಿರುಗಲಿಲ್ಲ.

ಕಾಕಾ ಮಾತ್ರ ಗಟ್ಟಿಯಾಗಿದ್ದ. ಬ್ಯಾಂಕಿನಲ್ಲಿ ಅವನಿಗೆ ಸಿಸಿ ಸಾಲ ಇತ್ತು, ಅಂದರೆ ಸರಕಿನ ಆಧಾರದ ಮೇಲೆ ಬೇಕಾದಾಗ ದುಡ್ಡು ತೆಗೆಯುವ ಕ್ಯಾಶ್ ಕ್ರೆಡಿಟ್. ಪ್ರತಿ ವರ್ಷ ಖಾತೆಯಿಂದ ವಿಮೆಯ ದುಡ್ಡು ಕಡಿತವಾಗುತ್ತಿತ್ತು. ಆ ವರ್ಷ ಎರಡು ಸಾವಿರದ ಚಿಲ್ಲರೆ. ಪಾಲಿಸಿ ಆರು ಲಕ್ಷದ್ದು. ‘ಆರು ಲಕ್ಷ ಬಂದ್ರ ಸೂರತ್‌ನವ್ರ ಬಾಕಿ ತೀರಸ್ತೀನಿ, ಮತ್ತ ಸುರು ಮಾಡ್ತೀನಿ’ ಅಂದ.

ವಾರ ಕಳೆದು ಸರ್ವೇಯರ್ ಬಂದರು, ಹಾನಿ ಎಷ್ಟು ಅಂತ ಲೆಕ್ಕ ಹಾಕಲು ವಿಮೆ ಕಂಪನಿ ಕಳಿಸಿದವರು. ಒಳ್ಳೆಯ ಮನುಷ್ಯ. ಬೂಟು ಬಿಚ್ಚಿಟ್ಟು ಕೆಸರಿಗೆ ಇಳಿದರು. ಒಂದೊಂದು ಕಟ್ಟನ್ನೂ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಒತ್ತಿದರೆ ನೀರು ಬಂದದ್ದು ಒಂದು ಕಡೆ, ಬರೀ ತೇವ ಹತ್ತಿದ್ದು ಇನ್ನೊಂದು ಕಡೆ. ಡಜನ್ ಲೆಕ್ಕದಲ್ಲಿ ಬರೆದುಕೊಂಡರು. ಆಮೇಲೆ ಖರೀದಿ ಬಿಲ್ ಕೇಳಿದರು. ಬಿಲ್ ಫೈಲು ನೀರಲ್ಲಿ ನೆನೆದು ಇಟ್ಟಿಗೆ ಥರ ಆಗಿತ್ತು. ಕಾಕು ಅದರ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಪೇಪರ್ ನಡುವೆ ಇಟ್ಟು ಇಸ್ತ್ರಿ ಮಾಡಿದಳು. ಅರ್ಧಕ್ಕಿಂತ ಜಾಸ್ತಿ ಅಕ್ಷರ ಹೋಗಿದ್ದವು. ನಮ್ಮ ಪುಣ್ಯ, ಜಿಎಸ್‌ಟಿ ರಿಟರ್ನ್ ತುಂಬುತ್ತಿದ್ದ ಲೆಕ್ಕದವರ ಕಂಪ್ಯೂಟರಿನಲ್ಲಿ ಎಲ್ಲ ಬಿಲ್ಲೂ ಇದ್ದವು. ಅವರು ರಾತ್ರಿ ಕೂತು ಎಲ್ಲ ಪ್ರಿಂಟ್ ತೆಗೆದುಕೊಟ್ಟರು. ಕಾಕಾ ಅವರ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡ.

ಆ ಬಿಲ್ಲುಗಳೇ ನಮ್ಮ ಕ್ಲೇಮನ್ನು ಉಳಿಸಿದವು. ಆ ಬಿಲ್ಲುಗಳೇ ಅದನ್ನು ಕತ್ತರಿಸಿಯೂ ಹಾಕಿದವು. ಬಿಲ್ ಪ್ರಕಾರ ಆ ದಿನ ಅಂಗಡಿಯಲ್ಲಿದ್ದ ಸರಕಿನ ಬೆಲೆ 15 ಲಕ್ಷ. ಅದರಲ್ಲಿ ಹಾಳಾದದ್ದು 10 ಲಕ್ಷದ್ದು. ವಿಮೆ ಮಾಡಿಸಿದ್ದು 6 ಲಕ್ಷಕ್ಕೆ. ಸರ್ವೇಯರ್ ಒಂದು ಹಾಳೆ ತೆಗೆದುಕೊಂಡು ಕಾಕಾನಿಗೆ ಅರ್ಥವಾಗಲಿ ಅಂತ ನಿಧಾನವಾಗಿ ಬರೆದು ತೋರಿಸಿದರು. ‘ನಿಮ್ಮ ಹತ್ರ 15 ಇತ್ತು. 6ಕ್ಕೆ ವಿಮೆ ಮಾಡಿಸೀರಿ. ಅಂದ್ರ ಐದರಲ್ಲಿ ಎರಡು ಪಾಲು ನಮ್ಮದು, ಮೂರು ಪಾಲು ನಿಮ್ಮದ. ಹಾನಿ ಆದ್ರೂ ಅದ ಲೆಕ್ಕ. 10 ಲಕ್ಷಕ್ಕ ಐದರಾಗ ಎರಡು ಪಾಲು, 4 ಲಕ್ಷ.’ ಪ್ರವಾಹದ ಹಾನಿಗೆ ಅದರಲ್ಲೂ ಶೇಕಡಾ 5 ನಾವೇ ಹೊರಬೇಕು. 20 ಸಾವಿರ ಹೋಯಿತು. ಉಳಿದದ್ದು 3 ಲಕ್ಷ 80 ಸಾವಿರ.

‘ಸಾಹೇಬ್ರ, ಪಾಲಿಸಿ ಮ್ಯಾಲ ಆರು ಲಕ್ಷ ಅಂತ ಬರದೈತಲ್ರಿ’ ಅಂದ ಕಾಕಾ. ‘ಬರದೈತ್ರಿ. ಇದೂ ಬರದೈತಿ’ ಅಂತ ಅವರು ಪಾಲಿಸಿಯ ಹಿಂಬದಿ ತಿರುಗಿಸಿ ಒಂದು ಸಣ್ಣಕ್ಷರದ ಸಾಲಿನ ಮೇಲೆ ಬೆರಳಿಟ್ಟರು.

ಇದಕ್ಕೆ ಅಂಡರ್‌ಇನ್ಶೂರೆನ್ಸ್ ಅನ್ನುತ್ತಾರೆ. ಷರತ್ತಿನ ಹೆಸರು ಆವರೇಜ್. ಇದ್ದ ಆಸ್ತಿಗಿಂತ ಕಡಿಮೆ ಬೆಲೆ ಬರೆಸಿದ್ದರೆ, ಎಷ್ಟು ಕಡಿಮೆ ಬರೆಸಿದ್ದೀರೋ ಅದೇ ಪ್ರಮಾಣದಲ್ಲಿ ಕ್ಲೇಮೂ ಕಡಿಮೆಯಾಗುತ್ತದೆ. ಆರು ಲಕ್ಷದ ಪಾಲಿಸಿ ಅಂದರೆ ಏನೇ ಆದರೂ ಆರು ಲಕ್ಷದವರೆಗೆ ಸಿಗುತ್ತೆ ಅಂತ ನಾವೆಲ್ಲ ತಿಳಿದಿದ್ದೆವು. ಹಾಗಲ್ಲ. ಆ ರಾತ್ರಿ ನಾನು ಇನ್ನೊಂದು ಲೆಕ್ಕ ಮಾಡಿದೆ, ಮಾಡಬಾರದಿತ್ತು. 15 ಲಕ್ಷಕ್ಕೇ ಬರೆಸಿದ್ದರೆ ಅದೇ ದರದಲ್ಲಿ ವರ್ಷಕ್ಕೆ ಸುಮಾರು ಮೂರು ಸಾವಿರ ಜಾಸ್ತಿ ಆಗುತ್ತಿತ್ತು. ಬರುತ್ತಿದ್ದದ್ದು ಒಂಬತ್ತೂವರೆ ಲಕ್ಷ.

ಬಂದ 3 ಲಕ್ಷ 80 ಸಾವಿರವೂ ಕಾಕಾನ ಕೈಗೆ ಬರಲಿಲ್ಲ. ಪಾಲಿಸಿಯಲ್ಲಿ ಬ್ಯಾಂಕಿನ ಹೆಸರೂ ಇತ್ತು. ದುಡ್ಡು ನೇರವಾಗಿ ಸಾಲದ ಖಾತೆಗೆ ಹೋಯಿತು. ಅದು ತಪ್ಪೇನಲ್ಲ, ಸಾಲ ಅಷ್ಟು ಇಳಿಯಿತು. ಆದರೆ ಬ್ಯಾಂಕು ವಿಮೆ ಮಾಡಿಸುವುದು ತನ್ನ ಸಾಲ ಉಳಿಸಿಕೊಳ್ಳಲು. ನಮ್ಮ ಅಂಗಡಿ ಉಳಿಸಲು ಅಲ್ಲ. 2013ರಲ್ಲಿ ಸಾಲ ಮಂಜೂರಾದಾಗ ಅಂಗಡಿಯಲ್ಲಿ ಆರು ಲಕ್ಷದ ಸರಕಿತ್ತು. ಅದನ್ನೇ ಬರೆದರು. ಆಮೇಲೆ ಅಂಗಡಿ ಬೆಳೆಯಿತು, ಕಾಗದ ಬೆಳೆಯಲಿಲ್ಲ. ಆ ಕಾಗದದಲ್ಲಿ ಇದ್ದದ್ದೂ ಸರಕು ಮಾತ್ರ. ಕಪಾಟು, ಕೌಂಟರ್, ಶಟರ್, ಕಂಪ್ಯೂಟರ್, ಕಾಕುವಿನ ಹೊಲಿಗೆ ಮಷಿನ್, ಯಾವುದೂ ಇರಲಿಲ್ಲ.

ಪಕ್ಕದ ಪಾತ್ರೆ ಅಂಗಡಿಯವರ ಕಥೆ ಇನ್ನೂ ಕಷ್ಟದ್ದು. ಪ್ರವಾಹದ ವಿಮೆ ಇರುವುದು ಫೈರ್ ಪಾಲಿಸಿಯ ಒಳಗೇ. ಹೆಸರು ಬೆಂಕಿಯದ್ದು, ಆದರೆ ಸಿಡಿಲು, ಬಿರುಗಾಳಿ, ನೆರೆ ಎಲ್ಲ ಅದರಲ್ಲೇ ಬರುತ್ತವೆ. ಆಗ ಪ್ರೀಮಿಯಂ ಸ್ವಲ್ಪ ಇಳಿಸಿಕೊಳ್ಳಲು ಬಿರುಗಾಳಿ, ನೆರೆ ಭಾಗವನ್ನು ತೆಗೆಸುವ ಅವಕಾಶವಿತ್ತು. ಅವರ ಪಾಲಿಸಿಯಲ್ಲಿ ಅದು ತೆಗೆದುಹೋಗಿತ್ತು. ಯಾರು ತೆಗೆಸಿದರು, ಯಾವಾಗ ತೆಗೆಸಿದರು ಅನ್ನುವುದು ಅವರಿಗೂ ನೆನಪಿರಲಿಲ್ಲ. ಅವರಿಗೆ ಒಂದು ರೂಪಾಯಿಯೂ ಬರಲಿಲ್ಲ.

ಆಸ್ಪತ್ರೆಯ ಕೌಂಟರಿನಲ್ಲಿ ಅದೇ ಲೆಕ್ಕ

ಇಷ್ಟೆಲ್ಲ ಕಲಿತ ಮೇಲೆ ನಾನು ಹುಷಾರಾಗಿದ್ದೇನೆ ಅಂದುಕೊಂಡಿದ್ದೆ. 2021ರ ಡಿಸೆಂಬರಿನಲ್ಲಿ ಅವ್ವನಿಗೆ ಪಿತ್ತಕೋಶದ ಕಲ್ಲು ತೆಗೆಸಬೇಕಾಯಿತು. ಮೊದಲು ಸಹಕಾರಿ ಸಂಘದ ಸದಸ್ಯತ್ವದಿಂದ ಅವಳ ಹೆಸರು ಯಶಸ್ವಿನಿಯಲ್ಲಿತ್ತು. 2003ರಲ್ಲಿ ಶುರುವಾದ ಆ ಯೋಜನೆ ನಮ್ಮ ಕಡೆಯ ರೈತರ ಎಷ್ಟೋ ಆಪರೇಷನ್‌ಗಳನ್ನು ಹೊತ್ತಿದೆ. 2018ರಲ್ಲಿ ಅದು ನಿಂತುಹೋಯಿತು. ಮತ್ತೆ ನೋಂದಣಿ ಶುರುವಾದದ್ದು 2022ರ ಕೊನೆಗೆ. ನಡುವಿನ ಆ ವರ್ಷಗಳಲ್ಲಿ ಅವಳಿಗಿದ್ದದ್ದು ನಾನು 2017ರಲ್ಲಿ ಮಾಡಿಸಿದ್ದ ಮೂರು ಲಕ್ಷದ ಆರೋಗ್ಯ ಪಾಲಿಸಿ ಒಂದೇ.

ಬೆಳಗಾವಿಯ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಕ್ಯಾಶ್‌ಲೆಸ್ ಆಯಿತು, ಅಂದರೆ ವಿಮೆಯ ಪಾಲನ್ನು ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕೊಡುತ್ತದೆ. ಹಂಚಿಕೊಳ್ಳುವ ರೂಮಿನಲ್ಲಿ ಜೊತೆಯವರಿಗೆ ಮಲಗಲು ಜಾಗವಿರಲಿಲ್ಲ. ಅವ್ವ ರಾತ್ರಿ ಎದ್ದರೆ ಕಂಗಾಲಾಗುತ್ತಾಳೆ, ಪಕ್ಕದಲ್ಲಿ ನಾನಿರಬೇಕು ಅಂತ ದಿನಕ್ಕೆ 6 ಸಾವಿರದ ರೂಮ್ ತೆಗೆದುಕೊಂಡೆ. ಪಾಲಿಸಿಯಲ್ಲಿ ರೂಮ್ ಬಾಡಿಗೆಗೆ ಮಿತಿ ಇತ್ತು. ಒಟ್ಟು ಮೊತ್ತದ ಶೇಕಡಾ 1, ಅಂದರೆ ದಿನಕ್ಕೆ 3 ಸಾವಿರ. ಅದು ನನಗೆ ಗೊತ್ತಿತ್ತು. ಮೂರು ದಿನಕ್ಕೆ 9 ಸಾವಿರ ಕೈಯಿಂದ ಹೋಗುತ್ತೆ, ಹೋಗಲಿ ಅಂದುಕೊಂಡೆ.

ಡಿಸ್ಚಾರ್ಜ್ ದಿನ ರಾತ್ರಿ ಎಂಟಾದರೂ ಬಿಲ್ ಆಗಿರಲಿಲ್ಲ. ಅವ್ವ ಸೀರೆ ಉಟ್ಟು, ಚೀಲ ತೊಡೆ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದಳು. ಕೌಂಟರಿನ ಹುಡುಗಿ ಕೊನೆಗೆ ಕರೆದು, ‘ಸರ್, ನೀವು 50 ಸಾವಿರ ಕಟ್ಟಬೇಕು’ ಅಂದಳು. ಬಿಲ್ ಆಗಿದ್ದದ್ದು 1 ಲಕ್ಷ 40 ಸಾವಿರ. ನಾನು ಜಗಳಕ್ಕೇ ನಿಂತೆ. ಅವಳು ಪಾಪ, ತನ್ನ ಸ್ಕ್ರೀನ್ ನನ್ನ ಕಡೆ ತಿರುಗಿಸಿ ತೋರಿಸಿದಳು. ನನಗೆ ಸಿಗಬೇಕಾದ ರೂಮ್ 3 ಸಾವಿರದ್ದು, ತೆಗೆದುಕೊಂಡದ್ದು 6 ಸಾವಿರದ್ದು. ಅಂದರೆ ಅರ್ಧ. ಆಸ್ಪತ್ರೆಯಲ್ಲಿ ರೂಮ್ ದುಬಾರಿಯಾದಷ್ಟೂ ಅದೇ ಡಾಕ್ಟರ ಫೀಸು, ನರ್ಸಿಂಗು, ಆಪರೇಷನ್ ಥಿಯೇಟರಿನ ಬಾಡಿಗೆಯೂ ದುಬಾರಿ. ಹಾಗಾಗಿ ವಿಮೆ ಕಂಪನಿ ಅವನ್ನೂ ಅರ್ಧಕ್ಕೆ ಇಳಿಸುತ್ತದೆ. ರೂಮಿನ 18 ಸಾವಿರದಲ್ಲಿ 9. ಡಾಕ್ಟರ್, ಥಿಯೇಟರ್, ನರ್ಸಿಂಗ್ ಸೇರಿ 82 ಸಾವಿರದಲ್ಲಿ 41. ಔಷಧಿ, ತಪಾಸಣೆಯ 40 ಸಾವಿರಕ್ಕೆ ಮಾತ್ರ ಈ ಕಡಿತ ಇಲ್ಲ, ಅದು ಪೂರ್ತಿ ಸಿಕ್ಕಿತು.

ಸ್ಕ್ರೀನಿನ ಮುಂದೆ ನಿಂತಾಗ ನನಗೆ ಕಂಡದ್ದು ಸರ್ವೇಯರರ ಆ ಹಾಳೆ. ಅದೇ ಭಾಗಾಕಾರ. ಊರು ಬೇರೆ, ಪಾಲಿಸಿ ಬೇರೆ, ಲೆಕ್ಕ ಒಂದೇ. ಅಂಗಡಿಯಲ್ಲಿ ಬರೆಸಿದ್ದಕ್ಕಿಂತ ಜಾಸ್ತಿ ಇಟ್ಟಿದ್ದೆವು, ಆಸ್ಪತ್ರೆಯಲ್ಲಿ ಬರೆಸಿದ್ದಕ್ಕಿಂತ ಜಾಸ್ತಿ ತೆಗೆದುಕೊಂಡಿದ್ದೆವು. ಮೇಲಿನ ವ್ಯತ್ಯಾಸ ಮಾತ್ರ ನಮ್ಮದು ಅಂತ ನಮ್ಮ ಮನಸ್ಸು ಹೇಳುತ್ತೆ. ಅಂದರೆ ನಾವು ಕಳೆಯುವ ಲೆಕ್ಕ ಹಾಕುತ್ತೇವೆ. ಪಾಲಿಸಿ ಭಾಗಿಸುವ ಲೆಕ್ಕ ಹಾಕುತ್ತದೆ. ಎರಡು ಸಲವೂ ನಮ್ಮ ಕುಟುಂಬ ಕೆಟ್ಟದ್ದು ಈ ಒಂದು ವ್ಯತ್ಯಾಸದಿಂದಲೇ.

ಈಗ ರೂಮ್ ಬಾಡಿಗೆಗೆ ಮಿತಿ ಇಲ್ಲದ ಪಾಲಿಸಿಗಳೂ ಇವೆ. ಪ್ರೀಮಿಯಂ ಸ್ವಲ್ಪ ಜಾಸ್ತಿ. ನಾನು ಅವ್ವನ ಪಾಲಿಸಿಯನ್ನು ಅಂಥದಕ್ಕೆ ಬದಲಾಯಿಸಿದೆ. ಕೆಲವು ಕಾಯಿಲೆಗೆ ವಿಮೆ ಸಿಗಲು ಇಷ್ಟು ವರ್ಷ ಕಾಯಬೇಕು ಅಂತ ಪಾಲಿಸಿಯಲ್ಲಿ ಇರುತ್ತೆ. ಹಳೆಯ ಪಾಲಿಸಿಯಲ್ಲಿ ಹಾಗೆ ಕಾದ ವರ್ಷಗಳು ಹೊಸದಕ್ಕೂ ಲೆಕ್ಕಕ್ಕೆ ಬರುತ್ತವೆ, ಪೋರ್ಟಿಂಗ್ ಅನ್ನುತ್ತಾರೆ, ನವೀಕರಣಕ್ಕೆ ಮೊದಲೇ ಅರ್ಜಿ ಹಾಕಬೇಕು. ಮೊದಲಿನಿಂದ ಇರುವ ಕಾಯಿಲೆಗೆ ಕಾಯುವ ಅವಧಿ ಮೊದಲು ನಾಲ್ಕು ವರ್ಷದವರೆಗೆ ಇತ್ತು, 2024ರ ಏಪ್ರಿಲ್‌ನಿಂದ ಮೂರು ವರ್ಷ ದಾಟುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ಮನೆಯವರ ಆರೋಗ್ಯ ವಿಮೆ, ಜೀವ ವಿಮೆಯ ಕಂತಿನ ಮೇಲೆ ಇದ್ದ ಶೇಕಡಾ 18 ಜಿಎಸ್‌ಟಿಯೂ ಹೋಗಿದೆ. ಅಷ್ಟು ದುಡ್ಡು ಉಳಿಯುತ್ತಲ್ವಾ, ಅದರಲ್ಲಿ ಮೊತ್ತವನ್ನೇ ಜಾಸ್ತಿ ಮಾಡಿಸಿಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತಿದ್ದೇನೆ.

‘ವಾಪಸ್ ಏನ ಬರ್ತದ?’

ನಾವು ವಿಮೆಯ ಕಾಗದ ಓದದೆ ಇರುವುದಕ್ಕೆ ಸೋಮಾರಿತನ ಕಾರಣ ಅಂತ ನನಗೆ ಅನ್ನಿಸುವುದಿಲ್ಲ. ಕಾಕಾ ಸೂರತ್‌ನ ಬಿಲ್ಲಿನ ಒಂದೊಂದು ಪೈಸೆ ತಾಳೆ ನೋಡುವ ಮನುಷ್ಯ. ಕಾರಣ ಬೇರೆ ಇದೆ. ನಮ್ಮ ಮನೆಗಳಲ್ಲಿ ವಿಮೆ ಅಂದರೆ ಎಲ್‌ಐಸಿ. ಎಲ್‌ಐಸಿ ಅಂದರೆ ಉಳಿತಾಯ.

ನಾನು ಸಣ್ಣವನಿದ್ದಾಗ ಏಜೆಂಟ್ ಮಾಮಾ ಸೈಕಲ್ ಮೇಲೆ ಬರುತ್ತಿದ್ದರು. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರು. ಅವ್ವ ಚಹಾ ಮಾಡುವವರೆಗೆ ಮಾಮಾ ನನಗೆ ರಸೀದಿ ತೋರಿಸುತ್ತಿದ್ದರು. ಎರಡು ಕೈಗಳ ನಡುವೆ ದೀಪ, ಕೆಳಗೆ ‘ಯೋಗಕ್ಷೇಮಂ ವಹಾಮ್ಯಹಂ’. 1956ರಲ್ಲಿ 245 ಖಾಸಗಿ ಕಂಪನಿ, ಸಂಘಗಳನ್ನು ಒಟ್ಟು ಮಾಡಿ ಸರ್ಕಾರ ಕಟ್ಟಿದ ಸಂಸ್ಥೆ ಅದು. ಹಳ್ಳಿ ಹಳ್ಳಿಗೂ ಅದು ಮುಟ್ಟಿದ್ದು ಇಂಥ ಸೈಕಲ್ ಮಾಮಾಗಳಿಂದ. ಅವರ ಬಗ್ಗೆ ನನಗೆ ಇವತ್ತಿಗೂ ಗೌರವವಿದೆ. ಆದರೆ ಅವರು ಮಾರುತ್ತಿದ್ದದ್ದು ಹೆಚ್ಚಾಗಿ ಮನಿ ಬ್ಯಾಕ್, ಎಂಡೋಮೆಂಟ್. ಇಷ್ಟು ವರ್ಷ ಕಟ್ಟಿದರೆ ಇಷ್ಟು ಬರುತ್ತೆ, ಮಗಳ ಮದುವೆಗಾಯಿತು. ಹಾಗಾಗಿ ನಾವು ಕೇಳಲು ಕಲಿತ ಪ್ರಶ್ನೆ ಒಂದೇ: ವಾಪಸ್ ಏನ ಬರ್ತದ?

ಅಪ್ಪ 2009ರಲ್ಲಿ ತೀರಿಕೊಂಡ. ನಾಲ್ಕು ಪಾಲಿಸಿ ಇದ್ದವು. ನಾಲ್ಕೂ ಸೇರಿ ವಿಮೆಯ ಮೊತ್ತ ಒಂದೂಕಾಲು ಲಕ್ಷ. ಇಪ್ಪತ್ತು ವರ್ಷ ಸಂಬಳದಿಂದ ಕಟ್ಟಿದ ಕಂತು ಅದು, ಮನೆ ನಡೆದದ್ದು ಒಂದು ವರ್ಷ. ಅದರಲ್ಲಿ ಎರಡು ಪಾಲಿಸಿಗೆ ನಾಮಿನಿ ಅಂತ ನಮ್ಮ ಅಜ್ಜಿಯ ಹೆಸರಿತ್ತು. ಮದುವೆಗೆ ಮುಂಚೆ ಮಾಡಿಸಿದ್ದು, ಆಮೇಲೆ ಬದಲಾಯಿಸಿರಲಿಲ್ಲ. ಅಜ್ಜಿ ತೀರಿ ಹನ್ನೊಂದು ವರ್ಷ ಆಗಿತ್ತು. ಅವ್ವ ಕೋರ್ಟಿನಿಂದ ವಾರಸುದಾರಿಕೆ ಪತ್ರ ತರಬೇಕಾಯಿತು. ಎಂಟು ತಿಂಗಳು ಓಡಾಡಿದಳು. ಒಂದು ಫಾರ್ಮ್ ತುಂಬಿದ್ದರೆ ಮುಗಿಯುತ್ತಿದ್ದ ಕೆಲಸ.

ಅದೇ ಕಾರಣಕ್ಕೆ ನಾನು ಟರ್ಮ್ ಪಾಲಿಸಿ ಮಾಡಿಸಿದೆ. ಬದುಕಿದ್ದರೆ ಏನೂ ವಾಪಸ್ ಬರುವುದಿಲ್ಲ. ಅವಧಿಯೊಳಗೆ ಸತ್ತರೆ ಮನೆಯವರಿಗೆ ದೊಡ್ಡ ಮೊತ್ತ. ಅಪ್ಪ ಕಟ್ಟುತ್ತಿದ್ದ ಕಂತಿನಂಥದ್ದೇ ಕಂತಿಗೆ ಎಷ್ಟೋ ಪಟ್ಟು ದೊಡ್ಡ ರಕ್ಷಣೆ. ಇದನ್ನು ಕಾಕಾನಿಗೆ ಹೇಳಿದಾಗ ಅವನು, ‘ಏನೂ ಬರಂಗಿಲ್ಲಂದ್ರ ಯಾಕ ಕಟ್ಟಬೇಕಪಾ?’ ಅಂದ. ಉತ್ತರ ಕೊಟ್ಟದ್ದು ಕಾಕು. ಅವಳು ಬೀನ್ಸ್ ಸೋಸುತ್ತಾ ಕೂತಿದ್ದಳು. ‘ಬಜಾರದಾಗ ರಾತ್ರಿ ಸೀಟಿ ಊದೋ ಗೂರ್ಖಾಗ ತಿಂಗಳಾ ರೊಕ್ಕ ಕೊಡ್ತೀರಿ. ಕಳ್ಳ ಬರಲಿಲ್ಲಂತ ವಾಪಸ್ ಕೇಳೀರೇನು?’ ಕಾಕಾ ಬಹಳ ಹೊತ್ತು ಮಾತಾಡಲಿಲ್ಲ.

ಫಾರ್ಮ್ ತುಂಬುವಾಗ ಬಿಪಿ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟಿನ ಕಾಲಂ ಬರುತ್ತೆ. ‘ಇಲ್ಲ ಅಂತ ಬರೀರಿ, ಪ್ರೀಮಿಯಂ ಜಾಸ್ತಿ ಆಗುತ್ತೆ’ ಅನ್ನುವವರು ಇದ್ದೇ ಇರುತ್ತಾರೆ. ದಯವಿಟ್ಟು ಬರೆಯಿರಿ. ಜೀವ ವಿಮೆಯ ಪಾಲಿಸಿ ಮೂರು ವರ್ಷ ದಾಟಿದ ಮೇಲೆ ಕಂಪನಿ ಅದನ್ನು ಪ್ರಶ್ನೆ ಮಾಡುವಂತಿಲ್ಲ ಅಂತ ಕಾನೂನಿದೆ, ನಿಜ. ಆದರೆ ಸಾವು ಮೂರು ವರ್ಷ ಕಾಯುತ್ತೆ ಅಂತ ಯಾರು ಹೇಳಬೇಕು? ಕ್ಲೇಮ್ ನಿಂತರೆ ಉತ್ತರ ಕೊಡಬೇಕಾದವರು ಹೆಂಡತಿ, ಮಕ್ಕಳು. ಸುಳ್ಳು ಬರೆದವರು ಅಲ್ಲಿರುವುದಿಲ್ಲ.

ಇನ್ನೊಂದು ಮಾತು. ಕಾಕಾನ ಅಂಗಡಿಯಲ್ಲಿ ಕೆಲಸಕ್ಕಿದ್ದ ಒಬ್ಬರು 44ನೇ ವಯಸ್ಸಿಗೆ ಕಾಯಿಲೆಯಿಂದ ಹೋದರು. ಅವರಿಗೆ ವಿಮೆ ಏನೂ ಇಲ್ಲ ಅಂತಲೇ ಅವರ ಹೆಂಡತಿ ಅಂದುಕೊಂಡಿದ್ದರು. ಕಾಕು ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬಾ ಅಂತ ಕಳಿಸಿದಳು. ಮೇ ತಿಂಗಳ ಕೊನೆಯಲ್ಲಿ 436 ರೂಪಾಯಿ ಒಮ್ಮೆ, 20 ರೂಪಾಯಿ ಒಮ್ಮೆ ಕಡಿತವಾಗಿತ್ತು. 436 ಅಂದರೆ ಪ್ರಧಾನ ಮಂತ್ರಿ ಜೀವನ್ ಜ್ಯೋತಿ, ಯಾವ ಕಾರಣದಿಂದ ಸತ್ತರೂ 2 ಲಕ್ಷ. 20 ಅಂದರೆ ಸುರಕ್ಷಾ ಬಿಮಾ, ಅಪಘಾತಕ್ಕೆ 2 ಲಕ್ಷ. ಎರಡೂ 2015ರಿಂದ ಇವೆ. ಬ್ಯಾಂಕಿನಲ್ಲಿ ಯಾವಾಗಲೋ ಸಹಿ ಮಾಡಿದ್ದರು, ಮನೆಯಲ್ಲಿ ಹೇಳಿರಲಿಲ್ಲ. ಆ 2 ಲಕ್ಷ ಬಂತು. ನಿಮ್ಮ ಓಣಿಯಲ್ಲಿ ಯಾರಾದರೂ ತೀರಿಕೊಂಡರೆ, ಅವರ ಮನೆಯವರಿಗೆ ಪಾಸ್‌ಬುಕ್ ನೋಡಲು ಹೇಳಿ.

ಬೈಕು, ಕಳ್ಳತನ, ಕೆಲಸದವರು

ನೆರೆ ಇಳಿದ ಮೇಲೆ ಗೋಕಾಕಿನ ಗ್ಯಾರೇಜುಗಳ ಮುಂದೆ ಬೈಕಿನ ಸಾಲು ನಿಂತಿತ್ತು. 2018ರ ಸೆಪ್ಟೆಂಬರಿನಿಂದ ಹೊಸ ಬೈಕ್ ಕೊಂಡರೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಜನ ಅದನ್ನು ‘ಐದು ವರ್ಷ ಇನ್ಶೂರೆನ್ಸ್ ಐತಿ’ ಅಂತ ತಿಳಿದುಕೊಳ್ಳುತ್ತಾರೆ. ಥರ್ಡ್ ಪಾರ್ಟಿ ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ. ನಮ್ಮ ಗಾಡಿ ನೀರಲ್ಲಿ ಮುಳುಗಿದರೆ, ಕಳುವಾದರೆ, ಓನ್ ಡ್ಯಾಮೇಜ್ ಭಾಗ ಚಾಲ್ತಿಯಲ್ಲಿರಬೇಕು. ಎಷ್ಟೋ ಜನರಿಗೆ ಅದು ಒಂದೇ ವರ್ಷದ್ದಿರುತ್ತೆ. ಅದಿದ್ದರೂ ಮುಳುಗಿದ ಗಾಡಿಗೆ ಕಿಕ್ ಹೊಡೆಯಬಾರದು. ಇಂಜಿನ್ನಿನೊಳಗೆ ನೀರಿದ್ದಾಗ ಸ್ಟಾರ್ಟ್ ಮಾಡಿ ಕೆಡಿಸಿದರೆ ಅದನ್ನು ನೆರೆಯ ಹಾನಿ ಅಂತ ಒಪ್ಪುವುದು ಕಷ್ಟ. ತಳ್ಳಿಕೊಂಡೇ ಹೋಗಬೇಕು.

ಅಂಗಡಿಯ ಕಳ್ಳತನಕ್ಕೆ ಬೇರೆ ಪಾಲಿಸಿ. ಅದಕ್ಕೆ ಬೀಗ ಮುರಿದ, ಶಟರ್ ಬಗ್ಗಿಸಿದ ಗುರುತು ಬೇಕು, ಪೊಲೀಸ್ ದೂರು ಬೇಕು. ಹಗಲು ಹೊತ್ತಿನಲ್ಲಿ ಗಿರಾಕಿ ಥರ ಬಂದು ಸೀರೆ ಎತ್ತಿಕೊಂಡು ಹೋದರೆ ಅದರಲ್ಲಿ ಬರುವುದಿಲ್ಲ. ಗಲ್ಲಾದ ದುಡ್ಡಿಗೆ, ಬ್ಯಾಂಕಿಗೆ ಒಯ್ಯುವ ದುಡ್ಡಿಗೆ ಮತ್ತೊಂದು. ಎಲ್ಲ ಅಂಗಡಿಗೂ ಎಲ್ಲವೂ ಬೇಕಾಗಿಲ್ಲ. ಕಾಕಾನ ಗಲ್ಲಾದಲ್ಲಿ ರಾತ್ರಿ ದುಡ್ಡು ಇರುವುದಿಲ್ಲ, ಅವನು ಅದನ್ನು ಮಾಡಿಸಿಲ್ಲ.

ಕೆಲಸದವರ ವಿಮೆಯನ್ನು ಮಾತ್ರ ಬಿಡಬೇಡಿ ಅಂತ ನಾನು ಹಟ ಹಿಡಿಯುತ್ತೇನೆ. ಕೆಲಸದಲ್ಲಿ ಪೆಟ್ಟಾದರೆ, ಸತ್ತರೆ ಪರಿಹಾರದ ಹೊಣೆಯನ್ನು 1923ರಿಂದಲೂ ಕಾನೂನು ಮಾಲೀಕನ ಮೇಲೆ ಹೊರಿಸುತ್ತಾ ಬಂದಿದೆ. ಹತ್ತು ಜನಕ್ಕಿಂತ ಕಡಿಮೆ ಇರುವ ಅಂಗಡಿಗೆ ಸಾಮಾನ್ಯವಾಗಿ ಇಎಸ್ಐ, ಅಂದರೆ ಕೆಲಸದವರಿಗಿರುವ ಸರ್ಕಾರಿ ವಿಮೆ, ಇರುವುದಿಲ್ಲ. ಏಣಿ ಹತ್ತಿ ಮೇಲಿನ ಕಪಾಟಿನಿಂದ ಕಟ್ಟು ಇಳಿಸುವ ಹುಡುಗ ಜಾರಿಬಿದ್ದರೆ ಏನು ಮಾಡುವುದು ಅಂತ ಯೋಚಿಸಿದ ಅಂಗಡಿಯವರು ನನಗೆ ಕಂಡದ್ದು ಬಹಳ ಕಡಿಮೆ.

ಕಾಕು ಮಾಡಿದ ಪಟ್ಟಿ

ಕಾಕಾ ಮತ್ತೆ ಅಂಗಡಿ ತೆಗೆದ. ಸೂರತ್‌ನವರು ಎರಡು ವರ್ಷ ಸಮಯ ಕೊಟ್ಟರು. 2021ರಲ್ಲಿ ವಿಮೆ ಮಾಡಿಸುವಾಗ ನಾನು ಊರಿಗೆ ಹೋಗಿದ್ದೆ. ಅಷ್ಟರಲ್ಲಿ ನಿಯಮ ಬದಲಾಗಿತ್ತು. ಆ ವರ್ಷದ ಏಪ್ರಿಲ್ 1ರಿಂದ ಒಂದು ಜಾಗದಲ್ಲಿ 5 ಕೋಟಿವರೆಗೆ ಆಸ್ತಿ ಇರುವ ಸಣ್ಣ ಉದ್ಯಮಗಳಿಗೆ ‘ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ’ ಅನ್ನುವ ಪಾಲಿಸಿ ಬಂದಿದೆ. ಎಲ್ಲ ಕಂಪನಿಗಳಲ್ಲೂ ಇದರ ಮೂಲ ಷರತ್ತು ಒಂದೇ. ನೆರೆ ಅದರೊಳಗೇ ಇದೆ. ಬರೆಸಿದ ಮೊತ್ತ ನಿಜ ಬೆಲೆಗಿಂತ ಶೇಕಡಾ 15ರವರೆಗೆ ಕಡಿಮೆ ಇದ್ದರೂ ಆ ಭಾಗಾಕಾರ ಮಾಡುವುದಿಲ್ಲ. ಮನೆಗೆ ‘ಭಾರತ್ ಗೃಹ ರಕ್ಷಾ’ ಅಂತ ಇದೆ, ಅದರಲ್ಲಿ ಈ ಕಡಿತವೇ ಇಲ್ಲ. 2019ರಲ್ಲಿ ಇವು ಇರಲಿಲ್ಲ ಅಂತ ನೆನೆದರೆ ಈಗಲೂ ಸಂಕಟವಾಗುತ್ತೆ.

ಶೇಕಡಾ 15 ರಿಯಾಯಿತಿ ಇದ್ದರೂ ಬೆಲೆ ಸರಿಯಾಗಿ ಬರೆಸಲೇಬೇಕು. ವರ್ಷದ ಸರಾಸರಿಯಲ್ಲ, ಅತಿ ಜಾಸ್ತಿ ಸರಕಿರುವ ದಿನದ ಬೆಲೆ. ನಮಗೆ ಅದು ಪಂಚಮಿ, ದೀಪಾವಳಿ. ಅದೂ ಮಾರುವ ಬೆಲೆಯಲ್ಲ, ಕೊಂಡ ಬೆಲೆ. ಒಂದು ಭಾನುವಾರ ಶಟರ್ ಅರ್ಧ ಎಳೆದು ಮೂವರೂ ಕೂತೆವು. ಕಾಕಾ ಸರಕು ಹೇಳಿದ, ನಾನು ಬರೆದೆ. ಕಾಕು ಎದ್ದು ಒಂದೊಂದನ್ನೂ ಮುಟ್ಟುತ್ತಾ ಹೋದಳು. ಕೌಂಟರ್, ಕನ್ನಡಿ, ಫ್ಯಾನು, ಕಂಪ್ಯೂಟರ್, ಬಿಲ್ ಪ್ರಿಂಟರ್. ‘ಬರಿ’ ಅನ್ನುತ್ತಿದ್ದಳು, ನಾನು ಬರೆಯುತ್ತಿದ್ದೆ. ಕೊನೆಗೆ ಮೂಲೆಯ ಹೊಸ ಹೊಲಿಗೆ ಮಷಿನ್ ಹತ್ತಿರ ನಿಂತಳು. ಅದರ ಮೇಲೆ ಕೈಯಿಟ್ಟು, ‘ಇದ ಐತೇನು ಇದರಾಗ?’ ಅಂತ ಕೇಳಿದಳು. ನಾನು ಅದನ್ನೂ ಬರೆದು, ಪುಸ್ತಕ ಅವಳ ಕಡೆ ತಿರುಗಿಸಿ ತೋರಿಸಿದೆ. ಓದಿ ನೋಡಿ ತಲೆಯಾಡಿಸಿದಳು.

ಪಟ್ಟಿಯ ಫೋಟೋ, ಅಂಗಡಿಯ ವಿಡಿಯೋ, ಬಿಲ್ಲುಗಳ ಪ್ರತಿ ಎಲ್ಲ ಈಗ ನನ್ನ ಫೋನಿನಲ್ಲೂ ಇವೆ. ಪಂಚಮಿಗೆ ಹದಿನೈದು ದಿನ ಮುಂಚೆ ಕಾಕಾ ಫೋನ್ ಮಾಡಿ, ಈ ಸಲ ಇಷ್ಟು ಸರಕು ಬಂತು ಅಂತ ಹೇಳುತ್ತಾನೆ. ಜಾಸ್ತಿ ಇದ್ದರೆ ಮೊತ್ತ ಏರಿಸುತ್ತೇವೆ. ಜಗಳ ಬಂದರೆ ಎಲ್ಲಿಗೆ ಹೋಗಬೇಕು ಅನ್ನುವುದನ್ನೂ ಪಟ್ಟಿಯ ಕೊನೆಯಲ್ಲಿ ಬರೆದಿಟ್ಟಿದ್ದೇವೆ. ಮೊದಲು ಕಂಪನಿಗೆ ಲಿಖಿತ ದೂರು. ತಿಂಗಳೊಳಗೆ ಸರಿಹೋಗದಿದ್ದರೆ ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿ. 50 ಲಕ್ಷದವರೆಗಿನ ತಕರಾರು ಕೇಳುತ್ತಾರೆ, ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಇದನ್ನೆಲ್ಲ ನಾನು ಹುಬ್ಬಳ್ಳಿಯ ಗೆಳೆಯನಿಗೆ ಅವತ್ತು ಫೋನಿನಲ್ಲೇ ಹೇಳಿದೆ. ಅವನು ಸುಮ್ಮನೆ ಕೇಳಿಸಿಕೊಂಡ. ‘ಪಾಲಿಸಿ ಕಾಗದ ಎಲ್ಲಿದೆ?’ ಅಂದರೆ ಅವನಿಗೆ ಗೊತ್ತಿರಲಿಲ್ಲ. ನಿನ್ನೆ ಬ್ಯಾಂಕಿಗೆ ಹೋಗಿ ತೆಗೆದುಕೊಂಡು ವಾಟ್ಸಾಪಿಗೆ ಹಾಕಿದ. ಇಬ್ಬರೂ ಫೋನಿನಲ್ಲಿ ಒಂದೊಂದೇ ಸಾಲು ಓದಿದೆವು. ಮೊತ್ತ 4 ಲಕ್ಷ. ಕಾಗದ, ಇಂಕು, ಫ್ಲೆಕ್ಸ್ ರೋಲು ಅಂತ ಇತ್ತು. ಹೊಸ ಮಷಿನ್ ಇರಲಿಲ್ಲ. ಆಮೇಲೆ ವಿಳಾಸದ ಸಾಲಿಗೆ ಬಂದೆವು. ಅವನು ಓದುತ್ತಾ ಓದುತ್ತಾ ನಿಂತುಬಿಟ್ಟ. ಅದು ಮೊದಲಿನ ಬಾಡಿಗೆ ಅಂಗಡಿಯ ವಿಳಾಸ. ಅವನು ಅದನ್ನು ಬಿಟ್ಟು ಎರಡು ವರ್ಷವಾಗಿದೆ. ಅಲ್ಲೀಗ ಬೇಕರಿ ಇದೆ.

‘ನಾಳೆ ಬ್ಯಾಂಕ್ ತೆರಿಯೂದರಾಗ ಹೋಗಿ ನಿಂದರ್ತೀನಿ’ ಅಂದ. ಹೊಸ ಅಂಗಡಿಯ ಬಾಡಿಗೆ ಕರಾರು ಪತ್ರ, ಮಷಿನಿನ ಬಿಲ್ಲು ಎರಡನ್ನೂ ಒಯ್ಯಲು ಹೇಳಿದೆ. ಅರ್ಜಿ ಎರಡು ಪ್ರತಿ ಬರೆದು, ಒಂದರ ಮೇಲೆ ಸಹಿ ಸೀಲು ಹಾಕಿಸಿಕೊಂಡೇ ಬಾ ಅಂತಲೂ ಹೇಳಿದೆ.